ಸರ್ ವಾಲ್ಟರ್ ಎಲಿಯಟ್: ಶಾಸನಗಳನ್ನೂ ಜೀವಿಗಳನ್ನೂ ಓದಿದ ವಿದ್ವಾಂಸ

ಕನ್ನಡ ನಾಡಿನ ಪ್ರಾಚೀನ ಇತಿಹಾಸವನ್ನು ಶಾಸನಗಳ ಆಧಾರದಿಂದ ಕಟ್ಟಿಕೊಟ್ಟ ಮಹನೀಯರನ್ನು ನೆನೆಯುವಾಗ ಫ್ಲೀಟ್, ರೈಸ್ ಮೊದಲಾದವರ ಹೆಸರು ಎಲ್ಲರ ನಾಲಗೆಯ ಮೇಲೂ ನಲಿಯುತ್ತದೆ. ಅವರಿಗಿಂತ ಒಂದು ತಲೆಮಾರು ಮೊದಲೇ ಧಾರವಾಡ ಸೀಮೆಯ ಊರೂರು ಅಲೆದು ಐದುನೂರಕ್ಕೂ ಮಿಕ್ಕ ಶಾಸನಗಳ ಪ್ರತಿ ಮಾಡಿಸಿದ ಸರ್ ವಾಲ್ಟರ್ ಎಲಿಯಟ್ಟರ ಹೆಸರು ವಿದ್ವದ್ವಲಯದಲ್ಲಿ ಸುಪ್ರಸಿದ್ಧವೇ ಆಗಿದೆ. ಆದರೆ ಇದೇ ಎಲಿಯಟ್ಟರು ನಮ್ಮ ಕರಿಯ ಎರೆಭೂಮಿಯ ಇಲಿ, ತೋಳ, ಹುಲ್ಲೆಗಳನ್ನು ಅಷ್ಟೇ ಶ್ರದ್ಧೆಯಿಂದ ಅಭ್ಯಾಸ ಮಾಡಿ, ಇಂದಿನ ಪ್ರೌಢಶಾಲೆಯ ಮಕ್ಕಳು ಜೀವಿಶಾಸ್ತ್ರದಲ್ಲಿ ಕಲಿಯುವ ಜೀವಿಸಂಖ್ಯೆಯ ಏರಿಳಿತ ಹಾಗೂ ನೆಲದ ಧಾರಣಶಕ್ತಿ ಎಂಬ ವಿಷಯಕ್ಕೆ ಉತ್ತಮವಾದ ಸ್ಥಳೀಯ ನಿದರ್ಶನವೊಂದನ್ನು ಬರೆದಿಟ್ಟು ಹೋಗಿದ್ದಾರೆಂಬುದು ಬಹುಜನರಿಗೆ ತಿಳಿದಿಲ್ಲ. ಆ ದೃಷ್ಟಿಯಿಂದ ಅವರ ಜೀವನವನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸಲಾಗಿದೆ.

ಎಲಿಯಟ್ಟರು 1803ನೆಯ ಇಸವಿ ಜನವರಿ 16ರಂದು ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದಲ್ಲಿ ಜನಿಸಿದರು. ರಾಕ್ಸ್‌ಬರೋ ಪ್ರಾಂತದ ವುಲ್ಫ್‌ಲೀ ಎಂಬುದು ಅವರ ಮನೆತನದ ನೆಲೆ. ಈಸ್ಟ್ ಇಂಡಿಯಾ ಕಂಪನಿಯ ಆಡಳಿತ ಸೇವೆಗೆ ಸೇರಲಿರುವ ತರುಣರಿಗಾಗಿ ಇಂಗ್ಲೆಂಡಿನ ಹೈಲಿಬರಿಯಲ್ಲಿ ಏರ್ಪಟ್ಟಿದ್ದ ಕಾಲೇಜಿನಲ್ಲಿ ಅವರ ವಿದ್ಯಾಭ್ಯಾಸ ನಡೆಯಿತು. ಆ ಕಾಲದಲ್ಲಿ ಅಲ್ಲಿ ಇತಿಹಾಸ ಮತ್ತು ಅರ್ಥಶಾಸ್ತ್ರಗಳ ಪ್ರಾಧ್ಯಾಪಕರಾಗಿದ್ದವರು ಜಗತ್ಪ್ರಸಿದ್ಧರಾದ ಥಾಮಸ್ ರಾಬರ್ಟ್ ಮಾಲ್ಥಸ್. 1805ರಿಂದ 1834ರಲ್ಲಿ ಮರಣ ಹೊಂದುವವರೆಗೂ ಅವರು ಆ ಪೀಠದಲ್ಲಿದ್ದರು. ತಡೆಯಿಲ್ಲದೆ ಬೆಳೆಯುವ ಸಂತತಿಯು ಗುಣಾಕಾರದಿಂದ ಹೆಚ್ಚುತ್ತದೆ, ಆಹಾರವಾದರೋ ಕೂಡುವ ಲೆಕ್ಕದಿಂದ ಮಾತ್ರ ಹೆಚ್ಚುತ್ತದೆ, ಆದಕಾರಣ ಯಾವುದಾದರೊಂದು ತಡೆಯು ಬಂದೇ ತೀರಬೇಕು ಎಂಬುದು 1798ರಲ್ಲಿ ಅವರು ಪ್ರಕಟಿಸಿದ ಗ್ರಂಥದ ತಿರುಳು. ಮುಂದೆ ಭಾರತದ ಜಿಲ್ಲೆಗಳನ್ನಾಳಿದ ಅನೇಕ ಅಧಿಕಾರಿಗಳು ಈ ವಿಚಾರವನ್ನು ಮಾಲ್ಥಸರಿಂದಲೇ ಕೇಳಿದವರಾಗಿದ್ದರು.

ಮದರಾಸು ಸೇವೆಗೆ ಸೇರಿದ ಎಲಿಯಟ್ಟರು ಸೇಲಂನಲ್ಲಿ ಸ್ವಲ್ಪಕಾಲವಿದ್ದು, ಇಪ್ಪತ್ತರ ಹರೆಯದಲ್ಲಿಯೇ ಧಾರವಾಡಕ್ಕೆ ಬಂದರು. ಪೇಶ್ವೆಯ ರಾಜ್ಯ ಅಳಿದು ಕೆಲವೇ ವರ್ಷಗಳಾಗಿದ್ದ ಸಂದರ್ಭವದು. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಮುಂದೆ ನಡೆದ ಕದನದಲ್ಲಿ ಕಲೆಕ್ಟರ್ ಥ್ಯಾಕರೆ ಮಡಿದಾಗ, ಅವನ ಸಹಾಯಕರಾಗಿದ್ದ ಎಲಿಯಟ್ ಮತ್ತು ಸ್ಟೀವನ್‌ಸನ್ ಇಬ್ಬರೂ ರಾಣಿ ಚೆನ್ನಮ್ಮನ ಸೆರೆಯಾಳುಗಳಾದರು. ಅವರ ಪ್ರಾಣಕ್ಕೆ ಕುಂದು ಬರಲಿಲ್ಲ. ಡಿಸೆಂಬರ್ ಮೊದಲಲ್ಲಿ ರಾಣಿಯ ಕಡೆಯವರು ಅವರನ್ನು ಬಿಟ್ಟುಕೊಟ್ಟರು. ಆದರೆ ಕಂಪನಿಯ ಸೈನ್ಯ ಕೋಟೆಯನ್ನು ಬಿಡಲಿಲ್ಲ. ಕಿತ್ತೂರು ಬಿದ್ದಿತು, ರಾಣಿ ಬೈಲಹೊಂಗಲದಲ್ಲಿ ಸೆರೆಯಲ್ಲಿದ್ದು 1829ರಲ್ಲಿ ದಿವಂಗತಳಾದಳು. ಎಲಿಯಟ್ಟರ ಪಾಂಡಿತ್ಯವನ್ನು ಕೊಂಡಾಡುವಾಗ ಅವರು ಯಾವ ಸರಕಾರದ ಸೇವಕರಾಗಿದ್ದರೆಂಬುದನ್ನು ಮರೆಯುವುದು ಸಲ್ಲದು. ಅಂತೆಯೇ, ಸೆರೆಯ ನೆನಪನ್ನು ಕಟ್ಟಿಕೊಂಡು ಅವರು ಈ ನಾಡಿನಿಂದ ಮುಖ ತಿರುಗಿಸಲಿಲ್ಲವೆಂಬುದೂ ಸತ್ಯವೇ. ಅನಂತರವೂ ಅವರು 1833ರವರೆಗೆ ಈ ಸೀಮೆಯಲ್ಲಿಯೇ ಉಳಿದು ಕನ್ನಡವನ್ನೂ ಕನ್ನಡ ನೆಲವನ್ನೂ ಅಭ್ಯಾಸ ಮಾಡಿದರು.

ಗುಡಿಯ ಗೋಡೆ, ಕೆರೆಯ ಏರಿ, ಊರ ಅಗಸೆಗಳಲ್ಲಿ ನಿಂತ ಕಲ್ಲುಗಳ ಹಳಗನ್ನಡ ಬರಹವನ್ನು ಬಲ್ಲವರ ನೆರವಿನಿಂದ ಓದಿಸಿ ಅವರು ಮಾಡಿಸಿದ ಪ್ರತಿಗಳ ಸಂಖ್ಯೆ 595. ಕರ್ನಾಟಕ ದೇಶದ ಶಾಸನಗಳೆಂಬ ಹೆಸರಿನ ಆ ಹಸ್ತಲಿಖಿತ ಸಂಪುಟಗಳ ಆಧಾರದಿಂದ ಅವರು ಬರೆದ ಪ್ರಬಂಧವು ಲಂಡನ್ನಿನ ರಾಯಲ್ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಅಚ್ಚಾಯಿತು. ಕಲ್ಯಾಣದ ಚಾಲುಕ್ಯರು, ಕಳಚುರಿಗಳು, ದೇವಗಿರಿಯ ಯಾದವರು ಇವರ ವಂಶಾವಳಿ ಶಾಸನಾಧಾರದಿಂದ ಒಂದು ಕ್ರಮಕ್ಕೆ ಬಂದದ್ದು ಅದರಿಂದಲೇ. ಯಲಬುರ್ಗಾ ಸೀಮೆಯ ಇಟಗಿಯಲ್ಲಿ 1112ರಲ್ಲಿ ಮಹಾದೇವ ದಂಡನಾಯಕನು ದೇವಾಲಯವನ್ನು ಕಟ್ಟಿಸಿದ ಕಾಲದ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಕಾಲನಿರ್ಣಯವನ್ನು ಇಂದು ಮಕ್ಕಳು ಸುಲಭವಾಗಿ ಹೇಳಬಲ್ಲರಾದರೆ, ಅದರ ಹಿಂದೆ ಇಂಥ ಪರಿಶ್ರಮವಿದೆ.

ಶಾಸನಗಳನ್ನು ಹುಡುಕುತ್ತ ಸುತ್ತಿದ ಕಣ್ಣೇ ಪ್ರಾಣಿಗಳನ್ನೂ ಕಂಡಿತು. ಧಾರವಾಡ ಸೀಮೆಯ ಸಸ್ತನಿಗಳ ಪಟ್ಟಿಯೊಂದನ್ನು ಎಲಿಯಟ್ಟರು 1839ರಲ್ಲಿ ಮದರಾಸಿನ ಸಾಹಿತ್ಯ ಮತ್ತು ವಿಜ್ಞಾನ ಪತ್ರಿಕೆಯಲ್ಲಿ ಪ್ರಕಟಿಸಿದರು. ಪಟ್ಟಿ ಎಂಬ ಹೆಸರಿದ್ದರೂ ಅದು ಕೇವಲ ನಾಮಾವಳಿಯಲ್ಲ. ಪ್ರತಿಯೊಂದು ಪ್ರಾಣಿಯ ದೇಶೀಯ ಹೆಸರು, ಅದರ ಬಿಲ, ಆಹಾರ, ಮರಿಗಳ ಸಂಖ್ಯೆ, ರೈತನಿಗೆ ಅದರಿಂದಾಗುವ ಹಾನಿ ಇವೆಲ್ಲವೂ ಅದರಲ್ಲಿ ನಿರೂಪಿತವಾಗಿವೆ. ತೋಳಗಳು ಹುಲ್ಲೆಯ ಹಿಂಡನ್ನು ಸುತ್ತುವರಿದು ಬೇರೆ ಬೇರೆ ಕಡೆ ಅಡಗಿ ಕುಳಿತು ಹಿಡಿಯುವ ಬಗೆಯನ್ನೂ, ಕೆಲವು ನಾಯಿಗಳನ್ನು ತಡೆಯುತ್ತಿರಲು ಉಳಿದವು ಕುರಿಯನ್ನು ಹೊತ್ತೊಯ್ಯುತ್ತವೆಂಬ ಕುರುಬರ ಅನುಭವವನ್ನೂ ಅವರು ದಾಖಲಿಸಿದರು. ತಾವು ಕಂಡದ್ದನ್ನು ಕಂಡದ್ದೆಂದೂ ಜನರಿಂದ ಕೇಳಿದ್ದನ್ನು ಕೇಳಿದ್ದೆಂದೂ ಬೇರ್ಪಡಿಸಿ ಬರೆದ ಅವರ ಪದ್ಧತಿ ವಿದ್ಯಾರ್ಥಿಗಳಿಗೆ ಆದರ್ಶಪ್ರಾಯವಾದುದು.

ಆ ಬರಹದಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳದ್ದು ಹೊಲದ ಇಲಿಯೊಂದರ ವೃತ್ತಾಂತ. ಕೆರೆ ಅಗೆಯುವ ವೃತ್ತಿಯ ಒಡ್ಡರ ಬಾಯಲ್ಲಿದ್ದ ಅದರ ಹೆಸರೇ ಮುಂದೆ ಪ್ರಾಣಿಶಾಸ್ತ್ರದ ನಾಮಕರಣದಲ್ಲಿಯೂ ಸೇರಿ, ಇಂದು ಅದು ಮಿಲ್ಲಾರ್ಡಿಯಾ ಮೆಲ್ಟಾಡಾ ಎಂದು ಕರೆಯಿಸಿಕೊಳ್ಳುತ್ತದೆ. ಮೃದುವಾದ ತುಪ್ಪಳಿನ ಈ ಚಿಕ್ಕ ಪ್ರಾಣಿ ಆಳವಾದ ಬಿಲವನ್ನು ತೋಡುವುದಿಲ್ಲ. ಪೊದೆಯ ಬುಡದಲ್ಲಿ, ಹೊಲದ ಕಲ್ಲುಗುಡ್ಡೆಯಲ್ಲಿ, ಇತರ ಇಲಿಗಳು ಬಿಟ್ಟುಹೋದ ಬಿಲದಲ್ಲಿ, ಬೇಸಿಗೆಯಲ್ಲಿ ಎರೆಭೂಮಿ ಬಾಯ್ದೆರೆದ ಬಿರುಕುಗಳಲ್ಲಿ ಅದು ವಾಸಿಸುತ್ತದೆ. ಮುಂಗಾರಿನ ಮೊದಲ ಮಳೆಗೆ ಎರೆಮಣ್ಣು ಉಬ್ಬಿ ಬಿರುಕುಗಳು ಮುಚ್ಚಿಕೊಳ್ಳುವಾಗ ಪ್ರತಿ ವರ್ಷವೂ ಬಹುಸಂಖ್ಯೆಯ ಇಲಿಗಳು ಅಲ್ಲಿಯೇ ನಾಶವಾಗುತ್ತವೆ. 1826ರಲ್ಲಿ ಹಂಗಾಮಿನ ಆರಂಭದ ಮಳೆ ಎಂದಿನಂತೆ ಬರಲಿಲ್ಲ. ತತ್ಫಲವಾಗಿ ಇಲಿಗಳು ಮಿತಿಮೀರಿ ಹೆಚ್ಚಿ ಪಿಡುಗಾಗಿ ಪರಿಣಮಿಸಿದವು. ಬಿತ್ತಿದ ಕಾಳನ್ನು ಬಿತ್ತಿದ ಹಾಗೆಯೇ ತಿಂದವು. ಉಳಿದ ಪೈರು ತೆನೆಗಟ್ಟಿದಾಗ ಜೋಳದ ದಂಟನ್ನೇರಿ ತೆನೆಯನ್ನೇ ಕತ್ತರಿಸಿ ಕೆಡವಿದವು. ಹೊಲಕ್ಕೆ ಹೊಲವೇ ಹಾಳಾಗಿ ರೈತರು ಕಂದಾಯ ಕಟ್ಟಲಾರದೆ ಹೋದುದನ್ನು ಎಲಿಯಟ್ಟರು ಕಣ್ಣಾರೆ ಕಂಡರು. ಇಷ್ಟು ಡಜನ್ ಇಲಿಗಳಿಗೆ ಇಷ್ಟು ಅಳತೆ ಕಾಳು ಎಂದು ಗೊತ್ತು ಮಾಡಿ ರೈತರು ಒಡ್ಡರಿಂದ ಸಾವಿರಗಟ್ಟಲೆ ಇಲಿಗಳನ್ನು ಕೊಲ್ಲಿಸಿದರು. ಆದರೂ ಅವುಗಳ ಸಂಖ್ಯೆ ಕಣ್ಣಿಗೆ ಕಾಣುವಷ್ಟು ತಗ್ಗಲಿಲ್ಲ.

ಕಂದಾಯ ವಸೂಲಿಯ ಅಧಿಕಾರಿಯೊಬ್ಬನು ರೈತನ ದಾರಿದ್ರ್ಯಕ್ಕೆ ಸೋಮಾರಿತನವೇ ಕಾರಣವೆಂದು ಬರೆದು ಕೈತೊಳೆದುಕೊಳ್ಳುವುದು ಸುಲಭ. ಎಲಿಯಟ್ಟರು ಹಾಗೆ ಮಾಡದೆ ಮಳೆ, ಮಣ್ಣು, ಇಲಿ, ಬೆಳೆ, ಕಂದಾಯ ಈ ಐದನ್ನೂ ಒಂದೇ ಸರಪಣಿಯ ಕೊಂಡಿಗಳಾಗಿ ಕಂಡರು. ಈ ವೃತ್ತಾಂತವನ್ನು ಉಪಾಧ್ಯಾಯರು ತರಗತಿಯಲ್ಲಿ ಎತ್ತಿಕೊಂಡರೆ ಪಾಠದ ಮುಖ್ಯಾಂಶಗಳೆಲ್ಲ ಅದರಲ್ಲಿಯೇ ದೊರೆಯುತ್ತವೆ. ಎಲಿಯಟ್ಟರ ಪ್ರಕಾರ ಹೆಣ್ಣಿಲಿ ಒಂದು ಸಲಕ್ಕೆ ಆರರಿಂದ ಎಂಟು ಮರಿ ಹಾಕುತ್ತದೆ. ಆರೇ ಎಂದು ಹಿಡಿದು, ಅರ್ಧ ಗಂಡು ಅರ್ಧ ಹೆಣ್ಣೆಂದೂ ಒಂದೂ ಸಾಯುವುದಿಲ್ಲವೆಂದೂ ಭಾವಿಸಿದರೆ, ಎರಡು ಇಲಿ ಎಂಟಾಗುತ್ತವೆ, ಎಂಟು ಮೂವತ್ತೆರಡಾಗುತ್ತವೆ. ಐದನೆಯ ಸಲಕ್ಕೆ 2,048 ಆಗುತ್ತವೆ. ಜಗತ್ತೆಲ್ಲ ಇಲಿಮಯವಾಗದಿರುವುದಕ್ಕೆ ಕಾರಣ ತಡೆಗಳು: ಆಹಾರದ ಕೊರತೆ, ನೆಲೆಯ ಕೊರತೆ, ರೋಗ, ಹಾವು, ಗೂಗೆ, ನರಿ, ಹಾಗೂ ಎರೆಭೂಮಿಯಲ್ಲಿ ಬಿರುಕು ಮುಚ್ಚುವ ಮಳೆ. ಒಂದು ತಡೆಯು ಒಂದು ವರ್ಷ ತಪ್ಪಿದರೂ ಲೆಕ್ಕ ತಲೆಕೆಳಗಾಗುತ್ತದೆ. ಇನ್ನು ಕೊಂದರೂ ಸಂಖ್ಯೆ ತಗ್ಗದಿದ್ದುದೇಕೆ? ನೆಲೆಯೂ ಆಹಾರವೂ ಹಾಗೆಯೇ ಇರುವಾಗ, ಸತ್ತವುಗಳ ಸ್ಥಾನವನ್ನು ಹುಟ್ಟುವ ಮರಿಗಳು ಬೇಗನೆ ತುಂಬುತ್ತವೆ. ಹೀಗೆ ಒಂದು ನೆಲವು ಒಂದು ಜಾತಿಯ ಎಷ್ಟು ಜೀವಿಗಳನ್ನು ಬಹುಕಾಲ ಪೊರೆಯಬಲ್ಲುದೋ ಅದೇ ಅದರ ಧಾರಣಶಕ್ತಿ. ಮಿತಿ ಸಮೀಪಿಸಿದಂತೆ ಬೆಳವಣಿಗೆಯ ವೇಗ ಕುಗ್ಗುವುದನ್ನು ಗಣಿತಸೂತ್ರದಲ್ಲಿ ಮೊದಲು ಹಿಡಿದಿಟ್ಟವನು ಬೆಲ್ಜಿಯಂ ದೇಶದ ವೆರ್‌ಹುಲ್ಸ್ಟ್, 1838ರಲ್ಲಿ; ಎಲಿಯಟ್ಟರ ಪಟ್ಟಿ ಅಚ್ಚಾಗುವುದಕ್ಕೆ ಕೇವಲ ಒಂದು ವರ್ಷ ಮೊದಲು.

ಅದೇ 1838ರಲ್ಲಿ ಚಾರ್ಲ್ಸ್ ಡಾರ್ವಿನ್ನರು ಮಾಲ್ಥಸರ ಗ್ರಂಥವನ್ನೋದಿ, ಜೀವಿಗಳ ಬಾಳಿನ ಹೋರಾಟದಿಂದ ಜಾತಿಗಳು ಮಾರ್ಪಡುವ ಬಗೆಯನ್ನು ಊಹಿಸಿದರು. ಮುಂದೆ ಅವರಿಗೆ ಸಾಕುಪಾರಿವಾಳಗಳ ಅಭ್ಯಾಸಕ್ಕಾಗಿ ಭಾರತದಿಂದ ಚರ್ಮದ ಮಾದರಿಗಳನ್ನು ಒದಗಿಸಿಕೊಟ್ಟವರು ಎಲಿಯಟ್ಟರೇ. 1859ರಲ್ಲಿ ಪ್ರಕಟವಾದ ತಮ್ಮ ಮಹಾಗ್ರಂಥದಲ್ಲಿ ಡಾರ್ವಿನ್ನರು ಈ ನೆರವನ್ನು ಹೆಸರು ಹೇಳಿ ಸ್ಮರಿಸಿದ್ದಾರೆ. ಇಷ್ಟರಲ್ಲಿ ಎಲಿಯಟ್ಟರು ಮದರಾಸಿನಲ್ಲಿ ಗವರ್ನರ್ ಎಲ್ಫಿನ್‌ಸ್ಟನ್ನರ ಕಾರ್ಯದರ್ಶಿಗಳಾಗಿ, 1845ರಿಂದ ಗುಂಟೂರು ಮತ್ತು ಉತ್ತರ ಸರಕಾರಗಳ ಅಧಿಕಾರಿಗಳಾಗಿ, 1854ರಿಂದ ಗವರ್ನರರ ಮಂತ್ರಾಲೋಚನ ಸಭೆಯ ಸದಸ್ಯರಾಗಿ ಉನ್ನತ ಪದವಿಗೇರಿದ್ದರು. ಅಮರಾವತಿಯ ಬೌದ್ಧಸ್ತೂಪವನ್ನು 1845ರಲ್ಲಿ ಅಗೆಸಿ ಅವರು ಹೊರತೆಗೆಸಿದ ಶಿಲ್ಪಗಳು ಇಂದು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿವೆ. 1860ರಲ್ಲಿ ಅವರು ನಿವೃತ್ತರಾಗಿ ಸ್ವದೇಶಕ್ಕೆ ತೆರಳಿದರು.

ಅವರು ವುಲ್ಫ್‌ಲೀಯಲ್ಲಿದ್ದ ಕಾಲದಲ್ಲಿಯೇ, 1876ರಿಂದ 1878ರವರೆಗೆ, ದಕ್ಷಿಣ ಭಾರತವನ್ನು ಮಹಾಕ್ಷಾಮವು ಕಾಡಿತು. ತುಂಗಭದ್ರೆಯಾಚೆಯ ಬಳ್ಳಾರಿ ಸೀಮೆಯಲ್ಲಿ 1871ರ ಗಣತಿಗೂ 1881ರ ಗಣತಿಗೂ ನಡುವೆ ಜನಸಂಖ್ಯೆ ಸುಮಾರು ಐದನೆಯ ಒಂದು ಭಾಗ ಇಳಿಯಿತು. ಆಗ ಆಳುವವರಲ್ಲಿ ಅನೇಕರು ಮಾಲ್ಥಸರ ಸೂತ್ರವನ್ನು ಮುಂದೊಡ್ಡಿ, ನೆಲ ಹೊರಲಾರದಷ್ಟು ಜನ ಹೆಚ್ಚಿದ್ದೇ ಇದಕ್ಕೆ ಕಾರಣವೆಂದು ವಾದಿಸಿದರು. ಅತ್ತ ಬಂದರುಗಳಿಂದ ಧಾನ್ಯ ಹಡಗೇರಿ ಹೋಗುತ್ತಲೇ ಇತ್ತು. ಕೂಲಿಯಿಲ್ಲದ ಬಡವನಿಗೆ ಸಂತೆಯಲ್ಲಿ ಕಾಳಿದ್ದರೂ ಕೊಳ್ಳುವ ಶಕ್ತಿಯಿರಲಿಲ್ಲವೆಂಬುದನ್ನು 1880ರ ಕ್ಷಾಮ ಆಯೋಗವೇ ಒಪ್ಪಿಕೊಳ್ಳಬೇಕಾಯಿತು. ಇಲಿಗಳ ಲೆಕ್ಕವನ್ನು ಮನುಷ್ಯರಿಗೆ ಹಾಗೆಯೇ ಅನ್ವಯಿಸಿದರೆ ಒದಗುವ ಅನರ್ಥಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ. ಇಲಿ ಬಿರುಕನ್ನು ಹುಡುಕಬಲ್ಲುದೇ ಹೊರತು ಕೆರೆ ಕಟ್ಟಲಾರದು, ಹಗೇವಿನಲ್ಲಿ ಕೂಡಿಟ್ಟ ಜೋಳವನ್ನು ನೆರೆಯ ಊರಿಗೆ ಹಂಚಲಾರದು. ಮನುಷ್ಯನಾದವನು ಇವೆರಡನ್ನೂ ಮಾಡಬಲ್ಲ. ಮಾಡದಿದ್ದಾಗ ಅದನ್ನು ಪ್ರಕೃತಿಯ ನಿಯಮವೆಂದು ಕರೆಯುವುದು ನ್ಯಾಯವಲ್ಲ.

ಹಾಗೆಂದು ನೆಲಕ್ಕೆ ಮಿತಿಯೇ ಇಲ್ಲವೆಂದು ತಿಳಿಯಬಾರದು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಗಳೇ ಇದಕ್ಕೆ ಸಾಕ್ಷಿ. 1953ರಲ್ಲಿ ತುಂಗಭದ್ರೆಯ ನೀರು ಕಾಲುವೆಗೆ ಹರಿದ ಮೇಲೆ ಗಂಗಾವತಿ ಬತ್ತದ ಕಣಜವಾಯಿತು; ನೆಲದ ಧಾರಣಶಕ್ತಿ ಮಾನವ ಪ್ರಯತ್ನದಿಂದ ಹೆಚ್ಚಿತು. ಆದರೆ ನೀರು ಮಿತಿಮೀರಿ ನಿಂತ ಗದ್ದೆಗಳಲ್ಲಿ ಜವುಳೂ ಉಪ್ಪೂ ಮೇಲೆದ್ದವು. ಮೊದಲು ಸುಮಾರು 133 ಟಿಎಂಸಿ ಇದ್ದ ಜಲಾಶಯದ ಸಾಮರ್ಥ್ಯ ಹೂಳು ತುಂಬಿ ಸುಮಾರು 105ಕ್ಕೆ ಇಳಿದಿದೆ. ಕುಷ್ಟಗಿ, ಯಲಬುರ್ಗಾಗಳ ಮಳೆಯಾಶ್ರಿತ ಎರೆಹೊಲಗಳಲ್ಲಿ ಇಂದಿಗೂ ಬೇಸಿಗೆಯ ಬಿರುಕು, ಮುಂಗಾರಿನ ನಿರೀಕ್ಷೆ, ಜೋಳದ ತೆನೆ ಇವು ಎಲಿಯಟ್ಟರು ಕಂಡಂತೆಯೇ ಇವೆ. ಅವರು ವರ್ಣಿಸಿದ ತೋಳಗಳ ಸಂತತಿಗಾಗಿ ಗಂಗಾವತಿ ತಾಲೂಕಿನ ಬಂಕಾಪುರದಲ್ಲಿ ರಕ್ಷಿತ ತಾಣವೊಂದು ಈಚೆಗೆ ಏರ್ಪಟ್ಟಿದೆ. ಶಾಲೆಯ ಮಕ್ಕಳನ್ನು ಉಪಾಧ್ಯಾಯರು ಒಂದು ಹೊಲಕ್ಕೆ ಕರೆದೊಯ್ದು, ಹತ್ತು ಮಾರು ಚೌಕದಲ್ಲಿ ಎಷ್ಟು ಬಿಲಗಳಿವೆಯೆಂದು ಮಳೆಗೆ ಮೊದಲೊಮ್ಮೆ, ಮಳೆಯ ಬಳಿಕೊಮ್ಮೆ ಎಣಿಸಿ ಬರೆಸಿದರೆ, ಪುಸ್ತಕದ ರೇಖಾಚಿತ್ರಕ್ಕೆ ಜೀವ ಬರುತ್ತದೆ. ಊರಿನ ಗೋಮಾಳ ಎಷ್ಟು ಕುರಿಗಳನ್ನು ಮೇಯಿಸಬಲ್ಲುದೆಂದು ಕುರಿಗಾಹಿಯನ್ನು ಕೇಳಿ ಬಂದರೂ ಅದು ಉತ್ತಮ ಪಾಠವೇ. ಎಲಿಯಟ್ಟರಿಗೆ ಪ್ರಾಣಿಶಾಸ್ತ್ರ ಕಲಿಸಿದವರಲ್ಲಿ ಕುರುಬರೂ ಒಡ್ಡರೂ ಇದ್ದರೆಂಬುದನ್ನು ಇಲ್ಲಿ ಸ್ಮರಿಸಬೇಕು.

ಎಲಿಯಟ್ಟರಿಗೆ 1866ರಲ್ಲಿ ಸರ್ ಪದವಿಯೂ 1878ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವವೂ ದೊರೆತವು. ಇಳಿವಯಸ್ಸಿನಲ್ಲಿ ದೃಷ್ಟಿ ಬಹುಮಟ್ಟಿಗೆ ಮಂದವಾದರೂ ಅವರು ವಿದ್ಯಾವ್ಯಾಸಂಗವನ್ನು ಬಿಡದೆ ದಕ್ಷಿಣ ಭಾರತದ ನಾಣ್ಯಗಳ ಮೇಲಣ ಗ್ರಂಥವನ್ನು ಪೂರೈಸಿದರು. 1887ರ ಮಾರ್ಚ್ 1ರಂದು ವುಲ್ಫ್‌ಲೀಯಲ್ಲಿ ಅವರ ಜೀವಿತ ಮುಗಿಯಿತು. ಅವರು ಪ್ರತಿ ಮಾಡಿಸಿದ ಕಲ್ಲುಗಳಲ್ಲಿ ಕೆಲವು ಆ ಬಳಿಕ ಸವೆದಿರಬಹುದು, ಕೆಲವು ಕಳೆದಿರಬಹುದು. ಓದಿಟ್ಟ ಪಾಠ ಮಾತ್ರ ಉಳಿದಿದೆ. ಹೊಲದ ಇಲಿಯ ಪಾಠವೂ ಹಾಗೆಯೇ ಉಳಿದಿದೆ. ಅದನ್ನು ಎರೆಹೊಲದಂಚಿನಲ್ಲಿ ನಿಂತ ಈ ಸೀಮೆಯ ಮಕ್ಕಳಿಗೆ ಮುಟ್ಟಿಸುವ ಕರ್ತವ್ಯ ಉಪಾಧ್ಯಾಯರದು. ಅದಕ್ಕೆ ಬೇಕಾದ ಅನುಕೂಲಗಳನ್ನು ಒದಗಿಸುವ ಪುಣ್ಯ ವಿದ್ಯಾಭಿಮಾನಿಗಳದು.