ಮುಮ್ಮಡಿ ಕೃಷ್ಣರಾಜ ಒಡೆಯರವರೂ ನಗರದ ದಂಗೆಯೂ

ಎಲ್ಲಿಯಾದರೂ ದಂಗೆಯೆದ್ದಿತೆಂದರೆ ಅದಕ್ಕೆ ಚಿತಾವಣೆಗಾರರೇ ಕಾರಣರೆಂದು ಹೇಳುವುದು ಅಧಿಕಾರಸ್ಥರ ವಾಡಿಕೆ. ಚಿತಾವಣೆಗಾರರು ಇಲ್ಲವೆಂದು ನಾವು ಹೇಳುವುದಿಲ್ಲ. ಆದರೆ ಅಂಥವರು ಎಲ್ಲ ಕಾಲದಲ್ಲಿಯೂ ಇರುತ್ತಾರೆ. ದಂಗೆಯಾದರೋ ಎಲ್ಲ ಕಾಲದಲ್ಲಿಯೂ ಆಗುವುದಿಲ್ಲ. ಒಂದು ವರ್ಷ ಕಿವಿಗೊಡದ ಮಾತಿಗೆ ಪ್ರಜೆಗಳು ಮತ್ತೊಂದು ವರ್ಷ ಏಕೆ ಕಿವಿಗೊಡುತ್ತಾರೆಂಬುದೇ ವಿಚಾರಾರ್ಹವಾದ ಸಂಗತಿ. ಇದಕ್ಕೆ ಮೈಸೂರು ಸೀಮೆಯ ಇತಿಹಾಸದಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರವರ ಜೀವನಕ್ಕಿಂತ ಸ್ಪಷ್ಟವಾದ ನಿದರ್ಶನವು ಬೇರೆ ದೊರೆಯಲಾರದು.

ಒಡೆಯರವರು ೧೭೯೪ನೆಯ ಇಸವಿ ಜುಲೈ ೧೪ರಂದು ಶ್ರೀರಂಗಪಟ್ಟಣದಲ್ಲಿ ಜನಿಸಿದರು. ಆಗ ರಾಜ್ಯವು ಟಿಪ್ಪು ಸುಲ್ತಾನರ ಕೈಯಲ್ಲಿತ್ತು. ತಂದೆ ಖಾಸಾ ಚಾಮರಾಜ ಒಡೆಯರವರು ೧೭೯೬ರಲ್ಲಿ ಗತಿಸಿದರು. ೧೭೯೯ರ ಮೇ ೪ರಂದು ಪಟ್ಟಣದ ಕೋಟೆಯು ಬಿದ್ದು ಸುಲ್ತಾನರು ಮಡಿಯಲು, ಅದೇ ಜೂನ್ ೩೦ರಂದು ಐದು ವರ್ಷವೂ ತುಂಬದ ಈ ಬಾಲಕನಿಗೆ ಮೈಸೂರಿನಲ್ಲಿ ಪಟ್ಟಾಭಿಷೇಕವಾಯಿತು. ಪಿತಾಮಹಿ ಲಕ್ಷ್ಮಮ್ಮಣ್ಣಿಯವರ ಪೋಷಣೆಯೂ ದಿವಾನ್ ಪೂರ್ಣಯ್ಯನವರ ಆಡಳಿತವೂ ರಾಜ್ಯಕ್ಕೆ ಆಧಾರವಾದವು.

ಪೂರ್ಣಯ್ಯನವರು ಕಠಿಣರು, ಆದರೆ ದೂರದೃಷ್ಟಿಯುಳ್ಳವರು. ಹಳೆಯ ಸೈನ್ಯವು ಚದರಿದಾಗ ಕೆಲಸವಿಲ್ಲದ ಶಸ್ತ್ರಧಾರಿಯು ಸುಮ್ಮನೆ ಕುಳಿತಿರಲಾರನೆಂಬುದನ್ನು ಅರಿತು, ಅನೇಕರನ್ನು ಕಂದಾಚಾರದ ಕೆಲಸಕ್ಕೆ ಸೇರಿಸಿ ಅವರವರ ಊರುಗಳಲ್ಲಿಯೇ ನಿಲ್ಲಿಸಿದರು. ೧೮೧೧ರಲ್ಲಿ ಅವರು ಅಧಿಕಾರದಿಂದ ನಿವೃತ್ತರಾದಾಗ ಬೊಕ್ಕಸದಲ್ಲಿ ಎರಡು ಕೋಟಿ ರೂಪಾಯಿಗೂ ಮಿಕ್ಕ ಹಣವಿದ್ದಿತೆಂದು ಇತಿಹಾಸಕಾರರು ಬರೆದಿರುವರು. ಮರುವರ್ಷ ಅವರು ಶ್ರೀರಂಗಪಟ್ಟಣದಲ್ಲಿ ತೀರಿಕೊಂಡರು.

ತರುಣ ಮಹಾರಾಜರು ದಯಾಳುಗಳು, ವಿದ್ಯಾಪಕ್ಷಪಾತಿಗಳು, ಕೊಡುಗೈಯವರು. ದಾನ ಇನಾಮುಗಳಲ್ಲಿ ಬೊಕ್ಕಸವು ಬರಿದಾಯಿತು. ಅತ್ತ ಕಂಪೆನಿಗೆ ವರ್ಷಕ್ಕೆ ೨೪½ ಲಕ್ಷ ರೂಪಾಯಿಗಳ ಪೊಗದಿಯನ್ನು ತಪ್ಪದೆ ತೆರಬೇಕಾಗಿತ್ತು. ಈ ಹಣವನ್ನು ಒದಗಿಸುವುದಕ್ಕಾಗಿ ಬಳಕೆಗೆ ಬಂದದ್ದೇ ಷರತ್ತು ಪದ್ಧತಿ. ತನ್ನ ತಾಲ್ಲೂಕಿನಿಂದ ಇಂತಿಷ್ಟು ಹಣವನ್ನು ಎತ್ತಿಕೊಡುವೆನೆಂದು ಅಮಲ್ದಾರನು ಕರಾರು ಬರೆದುಕೊಡಬೇಕು. ಕಡಮೆಯಾದರೆ ತಾನೇ ತುಂಬಬೇಕು. ಮಳೆ ಬಂದರೂ ಬಾರದಿದ್ದರೂ ಕರಾರಿನ ಮೊತ್ತವು ಬದಲಾಗದು. ಅಮಲ್ದಾರನು ತನ್ನ ಮನೆಯಿಂದ ತರುವನೆ? ರೈತನ ಕಣದಿಂದಲೇ ತರುವನು. ಇಂದಿನ ಕೃಷ್ಣರಾಜಪೇಟೆ ತಾಲ್ಲೂಕಿನ ಶೀಳನೆರೆಯಂತಹ ಬಯಲುಸೀಮೆಯ ಊರಿನಲ್ಲಿ ಒಂದು ಮಳೆ ತಪ್ಪಿದರೆ ರೈತನ ಪಾಡೇನಾಗುವುದೆಂಬುದನ್ನು ನಮ್ಮ ವಾಚಕರಿಗೆ ಬಿಡಿಸಿ ಹೇಳಬೇಕಾದುದಿಲ್ಲ. ದೂರು ಹೇಳಬೇಕಾದರೆ ಅದೇ ಅಮಲ್ದಾರನ ಮುಂದೆಯೇ ಹೇಳಬೇಕು. ೧೮೨೫ರಲ್ಲಿ ಮದರಾಸಿನ ಗವರ್ನರ್ ಸರ್ ಥಾಮಸ್ ಮನ್ರೋರವರು ಮೈಸೂರಿಗೆ ಬಂದು ಎಚ್ಚರಿಕೆಯಿತ್ತರು, ಫಲವು ಅಲ್ಪವಾಯಿತು.

ಕಿಚ್ಚು ಮೊದಲು ಹೊತ್ತಿಕೊಂಡದ್ದು ಮಲೆನಾಡಿನ ನಗರದ ಸೀಮೆಯಲ್ಲಿ, ಅಂದರೆ ಹಿಂದಿನ ಬಿದನೂರಿನಲ್ಲಿ. ಅಲ್ಲಿ ದೀರ್ಘಕಾಲ ಫೌಜುದಾರರಾಗಿದ್ದ ರಾಮರಾಯರು ಕಂದಾಯದ ಬಾಕಿಗಳನ್ನು ಮಾಫಿ ಮಾಡಿದ್ದರು. ಅವರ ತರುವಾಯ ಬಂದ ವೀರರಾಜ ಅರಸಿನವರು ಈ ಮಾಫಿಗಳನ್ನು ಮತ್ತೆ ತನಿಖೆ ಮಾಡಲಾರಂಭಿಸಲು, ಮಾಫಿಯೆಲ್ಲವೂ ರದ್ದಾಗುವುದೆಂಬ ಭಯವು ಊರೂರಿಗೂ ಹಬ್ಬಿತು. ಸ್ಥಾನ ಹೋಗುವುದೆಂದು ಹೆದರಿದ ಹಳೆಯ ಫೌಜುದಾರರ ಕಡೆಯವರು ಆ ಭಯಕ್ಕೆ ಗಾಳಿ ಹಾಕಿದರು. ಇದೇ ಸಮಯಕ್ಕೆ ಸರಿಯಾಗಿ ಬೂದಿ ಬಸವಪ್ಪನೆಂಬುವನು ತಾನು ನಗರದ ಅರಸರ ವಂಶದವನೆಂದು ಹೇಳಿಕೊಂಡು, ಬಾಕಿಯನ್ನೆಲ್ಲ ಬಿಟ್ಟು ಕಂದಾಯವನ್ನೂ ಇಳಿಸುವುದಾಗಿ ಮಾತುಕೊಟ್ಟನು. ಅವನ ವಂಶಾವಳಿಯನ್ನು ಯಾರೂ ಪರೀಕ್ಷಿಸಲಿಲ್ಲ. ಪ್ರಜೆಗಳಿಗೆ ಬೇಕಾಗಿದ್ದುದು ವಂಶವಲ್ಲ, ಮಾಫಿ.

೧೮೩೦ರಲ್ಲಿ ರೈತರು ಕೂಟ ಸೇರಿದರು. ಕೂಟವೆಂದರೆ ಮೊದಲಿಗೆ ದಂಗೆಯಲ್ಲ; ಕಂದಾಯ ಕೊಡದೆ ಒಟ್ಟಾಗಿ ಕುಳಿತು ತಮ್ಮ ಅಹವಾಲನ್ನು ಕೇಳಿರೆಂದು ಹಟ ಹಿಡಿಯುವುದು. ಆಗ ಕೇಳಿದ್ದರೆ ಮಾತಿನಲ್ಲಿಯೇ ಮುಗಿಯುತ್ತಿತ್ತೆಂದು ನಾವು ನಂಬುತ್ತೇವೆ. ಆದರೆ ಕೂಟದ ಮೇಲೆ ದಂಡು ಹೋಯಿತು. ಡಿಸೆಂಬರಿನಲ್ಲಿ ಮಹಾರಾಜರೇ ಚನ್ನರಾಯಪಟ್ಟಣದವರೆಗೆ ಬಿಜಯಮಾಡಿದರು. ಅಲ್ಲಿ ಕೆಲವರಿಗೆ ಗಲ್ಲಾಯಿತು. ತರೀಕೆರೆಯ ಪಾಳೆಯಗಾರ ರಂಗಪ್ಪನಾಯಕನು ದಂಗೆಕೋರರ ಪಕ್ಷ ಸೇರಿ ಕೋಟೆಗಳನ್ನು ಹಿಡಿದನು. ಅಹವಾಲೆಂದು ಮೊದಲಾದದ್ದು ಯುದ್ಧವಾಗಿ ಪರಿಣಮಿಸಿತು. ಕೊನೆಗೆ ಕಂಪೆನಿಯ ಸೈನ್ಯವು ಬಂದು ೧೮೩೧ರ ಜೂನಿನಲ್ಲಿ ನಗರವನ್ನು ವಶಪಡಿಸಿಕೊಂಡಿತು.

ದಂಗೆಯ ದಂಡವನ್ನು ಮಹಾರಾಜರೇ ತೆತ್ತರು. ಗವರ್ನರ್ ಜನರಲ್ ಲಾರ್ಡ್ ವಿಲಿಯಂ ಬೆಂಟಿಂಕ್‌ರವರು ೧೮೩೧ರ ಅಕ್ಟೋಬರಿನಲ್ಲಿ ರಾಜ್ಯದ ಆಡಳಿತವನ್ನು ಕಂಪೆನಿಯ ಕೈಗೆ ತೆಗೆದುಕೊಂಡರು. ದಂಗೆಯ ಕಾರಣಗಳನ್ನು ವಿಚಾರಿಸಲು ನಾಲ್ವರ ಸಮಿತಿಯೊಂದು ಕುಳಿತು ೧೮೩೩ರಲ್ಲಿ ವರದಿ ಮಾಡಿತು. ಮೊದಲು ಶಿಕ್ಷೆ, ಅನಂತರ ವಿಚಾರಣೆ! ರೈತರ ವಿಷಯದಲ್ಲಿ ನಡೆದ ಕ್ರಮವೇ ಮಹಾರಾಜರ ವಿಷಯದಲ್ಲಿಯೂ ನಡೆಯಿತು. ಬೆಂಟಿಂಕ್‌ರವರೇ ಮುಂದೆ ತಮ್ಮ ಆಜ್ಞೆಯ ಔಚಿತ್ಯವನ್ನು ಕುರಿತು ಸಂಶಯಪಟ್ಟರಾದರೂ ರಾಜ್ಯವು ಹಿಂದಿರುಗಲಿಲ್ಲ.

ಅಲ್ಲಿಂದ ಮುಂದೆ ಮೂವತ್ತೇಳು ವರ್ಷಗಳ ಕಾಲ ಮಹಾರಾಜರು ಅರಮನೆಯಲ್ಲಿ ವಿದ್ವಾಂಸರ ನಡುವೆ ಕಾಲ ಕಳೆದರು. ಶ್ರೀತತ್ತ್ವನಿಧಿಯಂತಹ ಗ್ರಂಥವು ಅವರ ಆಶ್ರಯದಲ್ಲಿ ಸಿದ್ಧವಾಯಿತು. ಮೈಸೂರಿನಲ್ಲಿ ಪಾಠಶಾಲೆಯನ್ನೂ ಸ್ಥಾಪಿಸಿದರು. ರಾಜ್ಯವನ್ನು ಮರಳಿ ಕೊಡಬೇಕೆಂದು ಅರ್ಜಿಯ ಮೇಲೆ ಅರ್ಜಿ ಬರೆದರು. ರೈತರ ಅಹವಾಲಿಗೆ ಕಿವಿ ದೊರೆಯದಿದ್ದ ರಾಜ್ಯದ ದೊರೆಯೇ ಅಹವಾಲುಗಾರರಾಗಿ ಕಾದದ್ದು ವಿಧಿಯ ವಿಲಾಸವೇ ಸರಿ. ೧೮೬೫ರಲ್ಲಿ ಚಾಮರಾಜೇಂದ್ರರನ್ನು ದತ್ತು ತೆಗೆದುಕೊಂಡರು. ರಾಜ್ಯವು ಈ ದತ್ತುಪುತ್ರರಿಗೆ ಸಲ್ಲುವುದೆಂಬ ನಿರ್ಣಯವನ್ನು ಮಾತ್ರ ಕೇಳಿ, ೧೮೬೮ರ ಮಾರ್ಚ್ ೨೭ರಂದು ದಿವಂಗತರಾದರು.

೧೮೮೧ರಲ್ಲಿ ರಾಜ್ಯವು ಹಿಂದಿರುಗಿದಾಗ ದಿವಾನ್ ರಂಗಾಚಾರ್ಲು ಅವರು ಆ ವರ್ಷವೇ ಪ್ರಜಾಪ್ರತಿನಿಧಿ ಸಭೆಯನ್ನು ಕೂಡಿಸಿದರು. ಅದಕ್ಕೆ ಅಧಿಕಾರವು ಸ್ವಲ್ಪವೇ ಆಗಿದ್ದರೂ, ತಾಲ್ಲೂಕಿನ ದೂರು ಅಮಲ್ದಾರನನ್ನು ದಾಟಿ ದಿವಾನರ ಬಳಿಗೆ ಮುಟ್ಟುವ ದಾರಿಯೊಂದು ತೆರೆಯಿತು. ಐವತ್ತು ವರ್ಷಗಳ ಹಿಂದೆ ಕೂಟ ಸೇರಿದವರು ಬೇಡಿದ್ದುದು ಇಷ್ಟನ್ನೇ.

ಮುಮ್ಮಡಿಯವರು ದುಷ್ಟರಲ್ಲ. ಒಳ್ಳೆಯ ದೊರೆಯ ಕಾಲದಲ್ಲಿಯೂ ದಂಗೆಯೇಳಬಹುದೆಂಬುದೇ ಇಲ್ಲಿಯ ಪಾಠ. ದೊರೆಯ ಕರುಣೆಗೂ ರೈತನ ಕಣಕ್ಕೂ ನಡುವೆ ಕರಾರಿನ ಗೋಡೆ ನಿಂತಿತ್ತು. ಇಂದು ಅರಸೊತ್ತಿಗೆ ಹೋಗಿ ಪ್ರಜಾಪ್ರಭುತ್ವ ಬಂದಿದೆ. ಆದರೂ ಜನರು ಬೀದಿಗಿಳಿದಾಗ ಬೂದಿ ಬಸವಪ್ಪನನ್ನು ಹುಡುಕುವುದಕ್ಕೆ ಮೊದಲು, ಅವರ ಅರ್ಜಿಯು ಎಷ್ಟು ಕಾಲದಿಂದ ಯಾರ ಮೇಜಿನ ಮೇಲೆ ಬಿದ್ದಿದೆಯೆಂಬುದನ್ನು ಅಧಿಕಾರಿಗಳು ಹುಡುಕುವುದು ಲೇಸೆಂದು ನಾವು ಭಾವಿಸುತ್ತೇವೆ.