ಚಿಂತೆಯ ಮನೆಯಲ್ಲಿ ನೆಮ್ಮದಿ: ಡಿ.ವಿ. ಗುಂಡಪ್ಪನವರ ಜೀವನ

ರಾತ್ರಿ ಹೋಟೆಲಿನ ಬಾಗಿಲು ಎಳೆದು, ಗಲ್ಲಾದ ಲೆಕ್ಕ ಮುಗಿಸಿ, ಹಾಸಿಗೆ ಬಿಡಿಸಿ ಮಲಗಿದ ಮೇಲೂ ನಿದ್ರೆ ಬಾರದಿರುವುದು ನಮ್ಮ ಜನರಿಗೆ ಅಪರಿಚಿತವಾದ ಸಂಗತಿಯಲ್ಲ. ಊರಿನಲ್ಲಿ ತಾಯಿಯ ಕಾಯಿಲೆ, ತಂಗಿಯ ಮದುವೆ, ಬ್ಯಾಂಕಿನ ಕಂತು, ಮಗನ ಶಾಲೆಯ ಶುಲ್ಕ, ಇವೆಲ್ಲ ಹಗಲಿಡೀ ಗಿರಾಕಿಗಳ ಗದ್ದಲದಲ್ಲಿ ಅಡಗಿದ್ದು, ದೀಪ ಆರಿದೊಡನೆ ಒಂದೊಂದಾಗಿ ಎದ್ದು ಬರುತ್ತವೆ. ಡೊಂಬಿವಲಿಯಿಂದ ಬೆಳಗಿನ ಲೋಕಲ್ ಗಾಡಿಯಲ್ಲಿ ಕಂಬ ಹಿಡಿದು ನಿಂತು ಕಛೇರಿಗೆ ಹೋಗುವ ಗುಮಾಸ್ತನ ಪಾಡೂ ಇದಕ್ಕಿಂತ ಬೇರೆಯಲ್ಲ. ಗಾಡಿ ಠಾಣೆಯನ್ನು ದಾಟುವುದರೊಳಗೆ ಅವನು ಮುಂದಿನ ಹತ್ತು ವರ್ಷಗಳ ಕಷ್ಟವನ್ನೆಲ್ಲ ಮನಸ್ಸಿನಲ್ಲಿ ಒಂದು ಸಲ ಅನುಭವಿಸಿಯೇ ಬಿಟ್ಟಿರುತ್ತಾನೆ.

ಇಂಥ ವೇಳೆಯಲ್ಲಿ "ಮಂಕುತಿಮ್ಮನ ಕಗ್ಗ"ವನ್ನು ತೆರೆದು ನಾಲ್ಕು ಸಾಲು ಓದಿಕೊಳ್ಳುವ ಕನ್ನಡಿಗರು ಕಲ್ಯಾಣದಲ್ಲಿಯೂ ಇದ್ದಾರೆ, ವಾಶಿಯಲ್ಲಿಯೂ ಇದ್ದಾರೆ. ಆದರೆ ಅದನ್ನು ಬರೆದವರನ್ನು ಕುರಿತು ಹಲವರಲ್ಲಿ ಒಂದು ತಪ್ಪು ಭಾವನೆಯಿದೆ. ಹೊಟ್ಟೆ ತುಂಬಿದವರು, ಪಿಂಚಣಿ ಎಣಿಸುತ್ತ ಆರಾಮಕುರ್ಚಿಯಲ್ಲಿ ಕುಳಿತವರು ಮಾತ್ರ ಹೀಗೆ ಸಮಾಧಾನದ ಮಾತನಾಡಬಲ್ಲರೆಂದು ಅವರು ತಿಳಿಯುತ್ತಾರೆ. ಈ ಭಾವನೆ ಎಷ್ಟು ನಿರಾಧಾರವಾದುದೆಂಬುದನ್ನು ತೋರಿಸುವ ಸಲುವಾಗಿಯೇ ನಾವು ಈ ಜೀವನವೃತ್ತಾಂತವನ್ನು ವಾಚಕರ ಮುಂದಿಡುತ್ತಿದ್ದೇವೆ.

ದೇವನಹಳ್ಳಿ ವೆಂಕಟರಮಣಯ್ಯ ಗುಂಡಪ್ಪನವರು 1887ನೆಯ ಇಸವಿ ಮಾರ್ಚ್ 17ರಂದು ಕೋಲಾರ ಜಿಲ್ಲೆಯ ಮುಳಬಾಗಿಲಿನಲ್ಲಿ ಜನಿಸಿದರು. ಅದು ಕನ್ನಡ ತೆಲುಗುಗಳೆರಡೂ ಬೀದಿಯಲ್ಲಿ ಕೇಳಿಬರುವ ಗಡಿಯ ಊರು. ಬಾಲ್ಯದ ವಿವರಗಳನ್ನು ಬಿಟ್ಟು ಮುಂದೆ ಸಾಗೋಣ. ನಮ್ಮ ಪ್ರಸ್ತುತಕ್ಕೆ ಬೇಕಾದುದು ಅವರ ಸೋಲು. ಅವರು ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ಉತ್ತೀರ್ಣರಾಗಲಿಲ್ಲ. ಆ ಕಾಲದಲ್ಲಿ ಮೆಟ್ರಿಕ್ ಎಂಬುದು ಸರ್ಕಾರಿ ನೌಕರಿಯ ಹೆಬ್ಬಾಗಿಲು. ಅದು ಮುಚ್ಚಿತೆಂದರೆ ಬಡ ಹುಡುಗನಿಗೆ ಉಳಿಯುತ್ತಿದ್ದುದು ಕೈಗೆ ಸಿಕ್ಕ ಕೆಲಸ ಮಾತ್ರ. ಗುಂಡಪ್ಪನವರಿಗೂ ಹಾಗೆಯೇ ಆಯಿತು. ಕೋಲಾರದ ಚಿನ್ನದ ಗಣಿಯ ಪ್ರದೇಶದಲ್ಲಿ ಸೋಡಾ ಕಾರ್ಖಾನೆಯೊಂದರಲ್ಲಿ ದುಡಿದರು. ಬಳಿಕ ಬೆಂಗಳೂರಿಗೆ ಬಂದು ಗಾಡಿಗಳಿಗೆ ಬಣ್ಣ ಬಳಿಯುವ ಕಾರ್ಖಾನೆಯಲ್ಲಿ ಕೆಲಸ ಮಾಡಿದರು. ಹದಿನಾರು ಹದಿನೇಳರ ವಯಸ್ಸಿಗೆ ಊರು ಬಿಟ್ಟು ಬಂದು ಲೋಟ ತೊಳೆಯುವುದರಿಂದ ಜೀವನ ಆರಂಭಿಸಿದ ನಮ್ಮ ವಾಚಕರಿಗೆ ಈ ಅಧ್ಯಾಯವನ್ನು ವಿವರಿಸಿ ಹೇಳಬೇಕಾಗಿಲ್ಲ.

ಪರೀಕ್ಷೆಯ ಬಾಗಿಲು ಮುಚ್ಚಿತೇ ಹೊರತು ಓದಿನ ಬಾಗಿಲು ಮುಚ್ಚಲಿಲ್ಲ. ಇಂಗ್ಲಿಷನ್ನೂ ಸಂಸ್ಕೃತವನ್ನೂ ಅವರು ಸ್ವಂತ ಪರಿಶ್ರಮದಿಂದ ವಶಪಡಿಸಿಕೊಂಡರು. ಪತ್ರಿಕಾವೃತ್ತಿಗೆ ಇಳಿದರು. ಅದು ಅನ್ನ ಕೊಡುವ ವೃತ್ತಿಯಾಗಿರಲಿಲ್ಲ. ಮೇಲಾಗಿ 1908ರಲ್ಲಿ ಮೈಸೂರು ಸಂಸ್ಥಾನದಲ್ಲಿ ಬಂದ ಪತ್ರಿಕಾ ನಿರ್ಬಂಧದ ಕಾನೂನು ಬರೆಯುವವರ ಕತ್ತಿನ ಮೇಲೆ ತೂಗುತ್ತಿದ್ದ ಕತ್ತಿಯಾಗಿತ್ತು. 1913ರಲ್ಲಿ ಅವರು "ಕರ್ನಾಟಕ" ಎಂಬ ಇಂಗ್ಲಿಷ್ ಪತ್ರಿಕೆಯನ್ನು ಆರಂಭಿಸಿದರು. ದಿವಾನರಾಗಿದ್ದ ಸರ್ ಎಂ. ವಿಶ್ವೇಶ್ವರಯ್ಯನವರ ವಿಶ್ವಾಸ ದೊರೆಯಿತು. ಮೆಟ್ರಿಕ್ ದಾಟದ ಈ ಮನುಷ್ಯನೇ 1926ರಿಂದ 1940ರ ವರೆಗೆ ಮೈಸೂರಿನ ಶಾಸನ ಪರಿಷತ್ತಿನ ಸದಸ್ಯರಾಗಿ, ವಿಶ್ವವಿದ್ಯಾನಿಲಯದ ಸೆನೆಟ್ಟಿನ ಸದಸ್ಯರಾಗಿ, 1932ರಲ್ಲಿ ಮಡಿಕೇರಿಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿ ಮನ್ನಣೆ ಪಡೆದರು. 1961ರಲ್ಲಿ ಅದೇ ಮೈಸೂರು ವಿಶ್ವವಿದ್ಯಾನಿಲಯವು ಅವರಿಗೆ ಗೌರವ ಡಾಕ್ಟರೇಟ್ ಪದವಿಯನ್ನಿತ್ತಿತು.

ಪದವಿಗಳ ಈ ಪಟ್ಟಿಯನ್ನು ನೋಡಿ ಅವರ ಮನೆಯಲ್ಲಿ ಸುಖ ತುಂಬಿ ತುಳುಕುತ್ತಿತ್ತೆಂದು ಯಾರೂ ಭಾವಿಸಬಾರದು. 1924ರಲ್ಲಿ ಅವರ ಪತ್ನಿ ಭಾಗೀರಥಮ್ಮನವರು ಬೆಂಕಿಯ ಅನಾಹುತಕ್ಕೆ ಸಿಕ್ಕಿ ತೀರಿಕೊಂಡರು. ಗುಂಡಪ್ಪನವರಿಗೆ ಆಗ 37 ವರ್ಷ. ಮುಂದೆ ಸಸ್ಯಶಾಸ್ತ್ರಜ್ಞರಾಗಿಯೂ ಲೇಖಕರಾಗಿಯೂ ಪ್ರಸಿದ್ಧರಾದ ಮಗ ಬಿ.ಜಿ.ಎಲ್. ಸ್ವಾಮಿ ಇನ್ನೂ ಬಾಲಕ. ಆ ವಯಸ್ಸಿನಲ್ಲಿ ಮರುಮದುವೆಯಾಗುವುದು ಅಂದಿನ ಸಮಾಜದಲ್ಲಿ ತೀರ ಸಾಮಾನ್ಯವಾಗಿತ್ತು. ಅವರು ಆಗಲಿಲ್ಲ. ಉಳಿದ 51 ವರ್ಷಗಳನ್ನು ಒಂಟಿಯಾಗಿ ಕಳೆದರು.

ಚಿಂತೆಯನ್ನು ಕುರಿತು ಯೋಚಿಸುವಾಗ ನಾವು ನಿಲ್ಲಬೇಕಾದ ಸ್ಥಳವಿದು. ಮನುಷ್ಯನು ಸಾಮಾನ್ಯವಾಗಿ ತನ್ನ ಚಿಂತೆಯ ಕಾರಣವು ಕಳೆದರೆ ತಾನು ಶಾಂತನಾಗುವೆನೆಂದು ಎಣಿಸುತ್ತಾನೆ. ಗುಂಡಪ್ಪನವರ ಬಾಳಿನಲ್ಲಿ ಕಾರಣಗಳು ಕಳೆಯಲೇ ಇಲ್ಲ. ಹಣದ ಅಡಚಣೆ ಹೋಗಲಿಲ್ಲ, ಸತ್ತವರು ಮರಳಲಿಲ್ಲ. ಅವರು ಸಂನ್ಯಾಸಿಯಾಗಿ ಹಿಮಾಲಯಕ್ಕೂ ಹೊರಡಲಿಲ್ಲ. ಬಸವನಗುಡಿಯಲ್ಲಿಯೇ ಇದ್ದು, ಮಕ್ಕಳನ್ನು ಸಾಕಿ, ಸಭೆಗಳಿಗೆ ಹೋಗಿ, ಲೇಖನ ಬರೆದು, ಪರ್ಷಿಯಾ ದೇಶದ ಉಮರ್ ಖಯ್ಯಾಮನ ಪದ್ಯಗಳನ್ನು "ಉಮರನ ಒಸಗೆ" ಎಂದು ಕನ್ನಡಕ್ಕೆ ತಂದು, ಸಂಗೀತ ಕೇಳಿ, ಸ್ನೇಹಿತರೊಡನೆ ನಕ್ಕು ದಿನಗಳನ್ನು ತುಂಬಿದರು. ದುಃಖವನ್ನು ಅವರು ಅಲ್ಲಗಳೆದರೆಂದು ಇದರ ಅರ್ಥವಲ್ಲ. ಮನೆಯಲ್ಲಿ ಅದಕ್ಕೊಂದು ಮೂಲೆಯನ್ನು ಕೊಟ್ಟರು. ಇಡೀ ಮನೆಯನ್ನು ಕೊಡಲಿಲ್ಲ.

ಪತ್ನಿಯ ಮರಣವಾಗಿ 19 ವರ್ಷಗಳ ಅನಂತರ, 1943ರಲ್ಲಿ, ಅವರ 56ನೆಯ ವಯಸ್ಸಿನಲ್ಲಿ, "ಮಂಕುತಿಮ್ಮನ ಕಗ್ಗ"ವು ಪ್ರಕಟವಾಯಿತು. 945 ಚೌಪದಿಗಳ ಗ್ರಂಥ. ಕಗ್ಗವೆಂದರೆ ತಲೆಬುಡವಿಲ್ಲದ ಉದ್ದನೆಯ ಮಾತು, ತಿಮ್ಮನೋ ಮಂಕ. ವೇದಾಂತವನ್ನು ಅರಗಿಸಿಕೊಂಡ ವಿದ್ವಾಂಸನೊಬ್ಬನು ತನ್ನ ಜೀವಮಾನದ ವಿಚಾರವನ್ನೆಲ್ಲ ಒಂದೆಡೆ ಹಾಕಿ ಅದಕ್ಕೆ ಇಟ್ಟ ಹೆಸರು ಇದು! ಈ ಹೆಸರಿನಲ್ಲಿಯೇ ಅರ್ಧ ಔಷಧವಿದೆಯೆಂದು ನಮಗೆ ತೋರುತ್ತದೆ. ಚಿಂತೆಯು ಮನುಷ್ಯನನ್ನು ಅವನ ಕಣ್ಣಿಗೆ ಬಹಳ ದೊಡ್ಡವನನ್ನಾಗಿ ಮಾಡುತ್ತದೆ; ನಾನು ಬೀಳುವೆನು, ನನ್ನ ಮಾನ ಹೋಗುವುದು, ನಾನಿಲ್ಲದಿದ್ದರೆ ಎಲ್ಲವೂ ಕೆಡುವುದು ಎಂದು ಅದು ಕಿವಿಯಲ್ಲಿ ಹೇಳುತ್ತಲೇ ಇರುತ್ತದೆ. ಗುಂಡಪ್ಪನವರು ಆ ದೊಡ್ಡ ನಾನನ್ನು ಇಳಿಸಿ ಮಂಕುತಿಮ್ಮನೆಂದು ಕರೆದರು.

ಇನ್ನೊಂದು ಸಂಗತಿಯನ್ನು ಓದುಗರು ಗಮನಿಸಿರಬಹುದು. ಕಗ್ಗದ ಪದ್ಯಗಳು ಓದುಗನಿಗೆ ಬೆರಳು ತೋರಿಸಿ ಬುದ್ಧಿ ಹೇಳುವುದಿಲ್ಲ. ಕೊನೆಯಲ್ಲಿ ಮಂಕುತಿಮ್ಮನನ್ನು ಕೂಗಿ ನಿಲ್ಲುತ್ತವೆ. ಬರೆಯುವವರೂ ಕೇಳುವವನೂ ಒಂದೇ ಎಂದು ನಾವು ತಿಳಿಯುತ್ತೇವೆ. ತನ್ನ ಗಾಬರಿಯನ್ನು ಬೇರೊಬ್ಬನ ಹೆಸರಿನಿಂದ ಕರೆದು ಎದುರಿಗೆ ಕೂರಿಸಿಕೊಂಡಾಗ ಅದು ಒಂದು ಮಾರು ದೂರ ಸರಿಯುತ್ತದೆ. ಆಮೇಲೆ ಅದರೊಡನೆ ಮಾತನಾಡಬಹುದು, ಕೆಲವೊಮ್ಮೆ ನಗಲೂಬಹುದು. ರಾತ್ರಿ ಎರಡು ಗಂಟೆಗೆ ಎಚ್ಚರವಾಗಿ ಕುಳಿತ ಮನುಷ್ಯನಿಗೆ ಇದಕ್ಕಿಂತ ಹೆಚ್ಚಿನ ಶಾಸ್ತ್ರ ಬೇಕಾಗದು.

ಅದೇ 1943ರಲ್ಲಿ, ಅದೇ ಬಸವನಗುಡಿಯ ಗಾಂಧಿ ಬಜಾರಿನಲ್ಲಿ, ದಕ್ಷಿಣ ಕನ್ನಡದಿಂದ ಬಂದ ಉರಾಳರು "ವಿದ್ಯಾರ್ಥಿ ಭವನ"ವನ್ನು ತೆರೆದರೆಂಬುದನ್ನು ನಮ್ಮ ಹೋಟೆಲ್ ಬಂಧುಗಳಿಗೆ ಇಲ್ಲಿ ನೆನಪಿಸದೆ ಇರಲಾರೆವು. ಮಸಾಲೆದೋಸೆಗೆ ಹೆಸರಾದ ಆ ಹೋಟೆಲಿಗೆ ಬರುತ್ತಿದ್ದ ಸಾಹಿತಿಗಳ ಪಂಕ್ತಿಯಲ್ಲಿ ಮಾಸ್ತಿಯವರೊಡನೆ ಗುಂಡಪ್ಪನವರ ಹೆಸರನ್ನೂ ಹೇಳುತ್ತಾರೆ. ತತ್ತ್ವವನ್ನು ಬರೆದವರು ತಿಂಡಿಯನ್ನು ಬಿಡಲಿಲ್ಲ. ರುಚಿಯಾದ ಊಟ, ಒಳ್ಳೆಯ ಹಾಡು, ಬೇಲೂರಿನ ಶಿಲಾಬಾಲಿಕೆಯರ ಚೆಲುವು ಇವೆಲ್ಲವೂ ಅವರಿಗೆ ಪ್ರಿಯವಾಗಿದ್ದವು. ಆ ಶಿಲಾಬಾಲಿಕೆಯರನ್ನು ಕುರಿತೇ ಅವರು "ಅಂತಃಪುರ ಗೀತೆ"ಯನ್ನು ರಚಿಸಿದರು. ನೆಮ್ಮದಿಗಾಗಿ ನಾಲಗೆಯನ್ನೂ ಕಿವಿಯನ್ನೂ ಕಟ್ಟಿಹಾಕಬೇಕೆಂಬ ಮತ ಅವರದಾಗಿರಲಿಲ್ಲ.

ಹಣದ ವಿಷಯದಲ್ಲಿ ಅವರ ನಡೆ ವಿಲಕ್ಷಣವಾದುದು. ಸರ್ಕಾರವು ಅವರ ಸೇವೆಗಾಗಿ ಕಳುಹಿಸಿದ ಚೆಕ್ಕುಗಳನ್ನು ಅವರು ಬ್ಯಾಂಕಿಗೆ ಹಾಕದೆ ಹಾಗೆಯೇ ಪೆಟ್ಟಿಗೆಯಲ್ಲಿಟ್ಟಿದ್ದರೆಂಬ ಮಾತು ಜನರಲ್ಲಿ ಪ್ರಚಲಿತವಾಗಿದೆ. 1970ರಲ್ಲಿ ಬೆಂಗಳೂರಿನಲ್ಲಿ ನಡೆದ ಸನ್ಮಾನದಲ್ಲಿ 90,000 ರೂಪಾಯಿಗಳ ನಿಧಿಯನ್ನು ಅವರಿಗೆ ಅರ್ಪಿಸಲಾಯಿತು. ಅದನ್ನು ಪೂರ್ತಿಯಾಗಿ ತಾವು 1945ರಲ್ಲಿ ಸ್ಥಾಪಿಸಿದ್ದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಗೆ ಕೊಟ್ಟುಬಿಟ್ಟರು. ಪುಣೆ ಮುಂಬಯಿಗಳಲ್ಲಿ ದುಡಿದ ಗೋಪಾಲಕೃಷ್ಣ ಗೋಖಲೆಯವರು ಅವರ ಆದರ್ಶಪುರುಷರಾಗಿದ್ದರು.

ಇಲ್ಲಿ ನಮ್ಮ ಭಿನ್ನಾಭಿಪ್ರಾಯವನ್ನು ಮರೆಮಾಚುವುದಿಲ್ಲ. ಹಣವನ್ನು ಹೀಗೆ ಬದಿಗಿರಿಸುವವನ ಮನಸ್ಸು ಹಗುರವಾಗಿರಬಹುದು. ಆದರೆ ಅವನ ಮನೆಯವರ ಭಾರ ಅದರಿಂದ ಕಡಿಮೆಯಾಗುತ್ತದೆಯೆಂದು ಹೇಳಲಾಗದು. ಪ್ರತಿ ತಿಂಗಳು ಕುಂದಾಪುರಕ್ಕೋ ಕಾರ್ಕಳಕ್ಕೋ ಹಣ ಕಳುಹಿಸಲೇಬೇಕಾದ ಮನುಷ್ಯನಿಗೆ ಗುಂಡಪ್ಪನವರ ಈ ನಡೆ ಅನುಕರಣೀಯವೆಂದು ನಾವು ಬರೆಯಲಾರೆವು. ಅವನು ಅವರಿಂದ ಪಡೆಯಬಹುದಾದುದು ಬೇರೆ. ಇಷ್ಟು ಸಾಕು ಎಂಬ ಗೆರೆಯನ್ನು ಅವರು ತಾವೇ ಎಳೆದುಕೊಂಡಿದ್ದರು. ನೆರೆಯವನ ಮನೆಯನ್ನು ನೋಡಿ ಅದನ್ನು ಅಳಿಸಿ ಬರೆಯಲಿಲ್ಲ. ನವೀ ಮುಂಬಯಿಯಲ್ಲಿ ಪಕ್ಕದ ಕಟ್ಟಡ ಎದ್ದಂತೆಲ್ಲ ನಮ್ಮ ಮನಸ್ಸಿನ ಕಂತು ಏರುವುದನ್ನು ನಾವೂ ಬಲ್ಲೆವು.

ವೃದ್ಧಾಪ್ಯದಲ್ಲಿ ಅವರು "ಜ್ಞಾಪಕ ಚಿತ್ರಶಾಲೆ"ಯ ಎಂಟು ಸಂಪುಟಗಳಲ್ಲಿ ತಾವು ಕಂಡವರನ್ನೆಲ್ಲ ಚಿತ್ರಿಸಿದರು. ದಿವಾನರೂ ಅಲ್ಲಿದ್ದಾರೆ, ಹಾಡುಗಾರರೂ ಇದ್ದಾರೆ, ಹೆಸರು ಕೇಳದ ವೈದಿಕರೂ ಇದ್ದಾರೆ. ತನ್ನನ್ನು ಕುರಿತು ಬರೆಯಬಹುದಾಗಿದ್ದ ಕಾಲವನ್ನು ಇತರರಿಗೆ ಕೊಟ್ಟರು. ಭಗವದ್ಗೀತೆಯನ್ನು ಕುರಿತ ಗ್ರಂಥಕ್ಕೆ 1967ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೂ 1974ರಲ್ಲಿ ಪದ್ಮಭೂಷಣವೂ ಬಂದವು. 1975ರ ಅಕ್ಟೋಬರ್ 7ರಂದು, 88ನೆಯ ವಯಸ್ಸಿನಲ್ಲಿ, ಅವರು ಇಹಲೋಕವನ್ನು ತ್ಯಜಿಸಿದರು.

ಅವರ ಸಂಸ್ಥೆ ಬಸವನಗುಡಿಯ ಬುಲ್ ಟೆಂಪಲ್ ರಸ್ತೆಯಲ್ಲಿದೆ. ಗಾಂಧಿ ಬಜಾರಿನ ಬಳಿಯ ರಸ್ತೆಯೊಂದಕ್ಕೆ ಅವರ ಹೆಸರನ್ನಿಟ್ಟಿದ್ದಾರೆ. ಬ್ಯೂಗಲ್ ರಾಕ್ ಉದ್ಯಾನದಲ್ಲಿ ಅವರ ಪ್ರತಿಮೆಯಿದೆ. ಕಲ್ಯಾಣದಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಹೋಗುವ ನಮ್ಮ ಬಂಧುಗಳು ಬಿಡುವು ಮಾಡಿಕೊಂಡು ಒಂದು ಗಳಿಗೆ ಅಲ್ಲಿ ಕುಳಿತು, ಬಳಿಕ ವಿದ್ಯಾರ್ಥಿ ಭವನದಲ್ಲಿ ದೋಸೆ ತಿಂದು ಬರಬಹುದು.