ಆನ್ ಸಲಿವನ್ (1866–1936)

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಬಡ ಕುಟುಂಬವೊಂದರಲ್ಲಿ 1866ರ ಏಪ್ರಿಲ್ 14ರಂದು ಜನಿಸಿದ ಆನ್ ಸಲಿವನ್ ಅವರು ಬಾಲ್ಯದಲ್ಲಿಯೇ ಕಣ್ಣಿನ ಸೋಂಕಿನಿಂದ ದೃಷ್ಟಿಯ ಬಹುಭಾಗವನ್ನು ಕಳೆದುಕೊಂಡರು. 1880ರಲ್ಲಿ ಬಾಸ್ಟನ್ ನಗರದ ಪರ್ಕಿನ್ಸ್ ಅಂಧರ ಶಾಲೆಯನ್ನು ಸೇರಿ, 1886ರಲ್ಲಿ ವ್ಯಾಸಂಗ ಪೂರ್ಣಗೊಳಿಸಿದರು.

1887ರ ಮಾರ್ಚ್ 3ರಂದು ಇವರು ದೃಷ್ಟಿ ಹಾಗೂ ಶ್ರವಣ ಶಕ್ತಿ ಕಳೆದುಕೊಂಡಿದ್ದ ಆರು ವರ್ಷದ ಹೆಲೆನ್ ಕೆಲರ್ ಅವರ ಶಿಕ್ಷಕಿಯಾದರು. ಇವರಿಗೆ ಬೋಧನೆಯ ಪೂರ್ವಾನುಭವವಿರಲಿಲ್ಲ. ಆದಾಗ್ಯೂ, ಅದೇ ಶಾಲೆಯಲ್ಲಿ ಶಿಕ್ಷಣ ಪಡೆದಿದ್ದ ಅಂಧ ಹಾಗೂ ಕಿವುಡ ಮಹಿಳೆ ಲಾರಾ ಬ್ರಿಡ್ಜ್‌ಮನ್ ಅವರ ಕಲಿಕೆಯ ವರದಿಗಳನ್ನು ಮುಂಚಿತವಾಗಿಯೇ ಅಭ್ಯಸಿಸಿದ್ದರು. ಅಂಗೈಯಲ್ಲಿ ಬೆರಳುಗಳಿಂದ ಅಕ್ಷರಗಳನ್ನು ತಿಳಿಸುವ ಕ್ರಮವೂ ಇವರಿಗೆ ಕರಗತವಾಗಿತ್ತು.

1899ರ ಕಾಲೇಜು ಪ್ರವೇಶ ಪರೀಕ್ಷೆಯಲ್ಲಿ ಪ್ರಶ್ನೆಪತ್ರಿಕೆಯನ್ನು ಓದಿ ತಿಳಿಸಲು ಇವರಿಗೆ ಅನುಮತಿ ದೊರೆಯಲಿಲ್ಲ. ಇವರ ನೆರವಿಲ್ಲದೆಯೇ ಹೆಲೆನ್ ಉತ್ತೀರ್ಣರಾದುದು ಇವರ ಬೋಧನೆಯ ಯಶಸ್ಸನ್ನು ದೃಢಪಡಿಸಿತು. 1900ರಿಂದ ರ‍್ಯಾಡ್‌ಕ್ಲಿಫ್ ಕಾಲೇಜಿನ ತರಗತಿಗಳಲ್ಲಿ ಹೆಲೆನ್ ಅವರ ಪಕ್ಕದಲ್ಲಿ ಕುಳಿತು, ಉಪನ್ಯಾಸಗಳನ್ನು ಅವರ ಅಂಗೈಗೆ ತಲುಪಿಸಿದರು. 1904ರಲ್ಲಿ ಹೆಲೆನ್ ಪದವಿ ಪಡೆದರು. ಆನ್ ಸಲಿವನ್ ಅವರು 1936ರ ಅಕ್ಟೋಬರ್ 20ರಂದು ನಿಧನರಾದರು.

ವಿಶೇಷ ಅಗತ್ಯವುಳ್ಳ ವಿದ್ಯಾರ್ಥಿಗಳಿಗೆ ತರಗತಿಯಲ್ಲಿ ನೆರವಾಗುವ ಸಹಾಯಕರ ಆತ್ಮವಿಶ್ವಾಸವು ಪೂರ್ವಸಿದ್ಧತೆಯಿಂದ ಮೂಡಿ, ವಿದ್ಯಾರ್ಥಿಯ ಸ್ವಾವಲಂಬನೆಯಿಂದ ದೃಢಗೊಳ್ಳುತ್ತದೆ ಎಂಬುದಕ್ಕೆ ಇವರ ಜೀವನವು ನಿದರ್ಶನವಾಗಿದೆ.